ಇಲ್ಲದ ಬೆಂಕಿಗೆ ಬಾರಿಸಿದ ಗಂಟೆ

ಬೆಸ್ಕೋ ಊರಿನ ಸಂತ ಕ್ವಿರ್ಕನ ಇಗರ್ಜಿಯನ್ನು ನೋಡಲು ಬೇಸಿಗೆಯಲ್ಲಿ ಪಟ್ಟಣದವರು ಬರುತ್ತಾರೆ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಎಂಟುನೂರು ವರ್ಷದ ಗೋಡೆಯ ಮೇಲಿನ ದೊಡ್ಡ ಕಣ್ಣಿನ ಕ್ರಿಸ್ತನನ್ನು ಕಾಣಬೇಕೆಂದು ಏದುಸಿರು ಬಿಡುತ್ತಾ ಹತ್ತಿ ಬಂದರೆ ಬಾಗಿಲಿಗೆ ಬೀಗ. ಗಂಟೆಗೋಪುರದ ಬುಡದಲ್ಲಿ ಕಾಲುಚೀಲ ಹೆಣೆಯುತ್ತಾ ಕೂತ ಮುದುಕಿಯನ್ನು ಕೇಳುತ್ತಾರೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ. ಮುದುಕಿ ತಲೆ ಎತ್ತದೆ ಪಾದ್ರಿಗಳ ಮನೆಯ ಕಡೆ ಕೈ ತೋರಿಸುತ್ತಾಳೆ. ಆರು ತಲೆಮಾರು ಆ ಬೀಗದ ಕೈ ಅವಳ ಮನೆಯ ಮೊಳೆಗೇ ನೇತಾಡುತ್ತಿತ್ತು ಎಂದು ಪಟ್ಟಣದವರಿಗೆ ಯಾರು ಹೇಳಬೇಕು? ಅವಳು ಗಂಟೆಯ ಹಗ್ಗ ಬಿಟ್ಟು ಮೂವತ್ತು ವರ್ಷವಾದರೂ ನಾವು ಆ ಮನೆಯನ್ನು ಗಂಟೆಯವರ ಮನೆ ಎಂದೇ ಕರೆಯುತ್ತೇವೆ. ನಮ್ಮ ಕಣಿವೆಯ ಚಾಳಿಯೇ ಹಾಗೆ. ಒಮ್ಮೆ ಅಂಟಿಸಿದ ಹೆಸರನ್ನು ಕೀಳುವ ಪೈಕಿ ಅಲ್ಲ.

ಅವಳ ಹೆಸರು ಬಿಬಿಯಾನಾ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳಿಗೇ ಅವನು ಎಲ್ಲ ಕಲಿಸಿದ. ಗಂಡಸು ಸತ್ತರೆ ಮೂರು ಮೂರು ಪೆಟ್ಟು, ಹೆಂಗಸು ಸತ್ತರೆ ಎರಡೆರಡು. ಆಲಿಕಲ್ಲಿನ ಮೋಡ ಬಂದರೆ ಹೇಗೆ, ಪೂಜೆಗೆ ಹೇಗೆ. ಬೆಂಕಿ ಬಿದ್ದರೆ ಉಸಿರು ತೆಗೆದುಕೊಳ್ಳಲೂ ನಿಲ್ಲಿಸದೆ ಬಾರಿಸಬೇಕು. ಮಂಜು ಕವಿದು ಯಾರಾದರೂ ಬೆಟ್ಟದಲ್ಲಿ ಸಿಕ್ಕಿಕೊಂಡರೆ ಒಂಬತ್ತು ಪೆಟ್ಟು, ಆಮೇಲೆ ಒಂದು ಪರಲೋಕ ಮಂತ್ರ ಹೇಳುವಷ್ಟು ಹೊತ್ತು ಮೌನ, ಮತ್ತೆ ಒಂಬತ್ತು. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಹೆಂಗಸು ಹತ್ತಿದ ಗೋಪುರಕ್ಕೆ ಸಿಡಿಲು ಬೀಳುತ್ತದೆ ಎಂದು ಊರಿನ ಗಂಡಸರು ಮೂಗು ಮುರಿದರು. ಸಿಡಿಲೇನೂ ಬೀಳಲಿಲ್ಲ. ಬಾಯಿ ಮುಚ್ಚಿಕೊಂಡರು.

ಮೇಲಿನ ಊರಿನಿಂದ ಗಾಲ್ದೆರಿಕ್ ಎಂಬ ಕುರುಬ ಅವಳನ್ನು ಮದುವೆಯಾಗಿ ಅವಳ ಮನೆಗೇ ಬಂದ. ಗುಡ್ಡದಷ್ಟು ಆಳು, ಮಾತು ಕಡಿಮೆ, ನಕ್ಕರೆ ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು. ಮೇ ತಿಂಗಳಲ್ಲಿ ಊರಿನ ಕುರಿಗಳನ್ನೆಲ್ಲ ಹೊಡೆದುಕೊಂಡು ಕಣಿವೆಯ ಆಚೆಯ ಎತ್ತರದ ಹುಲ್ಲಿಗೆ ಹೋದರೆ ಸೆಪ್ಟೆಂಬರಿನ ಕೊನೆಗೆ, ಸಂತ ಮಿಕೇಲನ ಹಬ್ಬಕ್ಕೇ ಅವನು ಇಳಿಯುತ್ತಿದ್ದದ್ದು. ಅಷ್ಟು ತಿಂಗಳು ಹದಿನೈದು ದಿನಕ್ಕೊಮ್ಮೆ ಪೊನ್ಸ್ ಎಂಬ ಹೇಸರಗತ್ತೆಯವನು ಅವನಿಗೆ ರೊಟ್ಟಿ, ಉಪ್ಪು ಒಯ್ಯುತ್ತಿದ್ದ. ಪೊನ್ಸ್ ಎಂದರೆ ನಡೆದಾಡುವ ತಮಟೆ. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಮುಟ್ಟುವ ಮೊದಲು ಅವನ ಹೊಟ್ಟೆಯಲ್ಲಿ ಒಂದು ರಾತ್ರಿಯೂ ಉಳಿಯುತ್ತಿರಲಿಲ್ಲ.

ಆ ವರ್ಷ ಈಸ್ಟರ್ ಹಬ್ಬದ ದಿನ ನಮ್ಮ ಹಳೆಯ ಗಂಟೆ ಬಿರುಕು ಬಿಟ್ಟಿತು. ಅದರ ಹೆಸರು ಬಾರ್ಬರಾ. ಗಂಭೀರ, ದಪ್ಪ ದನಿಯದು ಒಂದೇ ಏಟಿಗೆ ಒಡಕು ಮಡಕೆಯಂತೆ ಗೊರಗುಟ್ಟತೊಡಗಿತು. ಗಾಲ್ದೆರಿಕ್ ಮೇ ತಿಂಗಳಲ್ಲಿ ಬೆಟ್ಟಕ್ಕೆ ಹೊರಡುವಾಗ ಹೆಂಡತಿಯನ್ನು ಕಾಡಿಸಿ ಹೋಗಿದ್ದ: ನಾನು ಇಳಿದು ಬರುವಾಗಲೂ ನಿನ್ನ ಬಾರ್ಬರಾ ಹೀಗೇ ಕೆಮ್ಮುತ್ತಿರುತ್ತಾಳೆ, ನೋಡುತ್ತಿರು. ಆದರೆ ಆಗಸ್ಟಿನಲ್ಲಿ, ಪಟ್ಟಣದಲ್ಲಿ ಕೈತುಂಬ ಸಂಪಾದಿಸಿದ ನಮ್ಮೂರಿನವನೊಬ್ಬ ಹೊಸ ಗಂಟೆ ಕಳಿಸಿಕೊಟ್ಟ. ಅದನ್ನು ತಂದ ಗಾಡಿಯಲ್ಲೇ ಬಾರ್ಬರಾಳನ್ನು ಕರಗಿಸಲು ಒಯ್ದರು. ಹೊಸದು ಸಣ್ಣದು. ದನಿ ತೆಳು, ಚೂಪು, ಬಹು ದೂರ ಹೋಗುವಂಥದು. ಬಿಬಿಯಾನಾ ಹಿರಿಹಿರಿ ಹಿಗ್ಗಿದಳು. ಪೊನ್ಸ್‌ನನ್ನು ಹಿಡಿದು ನಿಲ್ಲಿಸಿ, ಗಾಲ್ದೆರಿಕ್‌ಗೆ ಒಂದು ಮಾತೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಳು. ಅವನು ಇಳಿದು ಬರುವ ದಿನ ಹೊಸ ಗಂಟೆ ಕೇಳಿ ಬೆಪ್ಪಾಗಬೇಕು, ಅದನ್ನು ಅವಳು ನೋಡಬೇಕು. ಪೊನ್ಸ್ ತನ್ನ ಜನ್ಮದಲ್ಲಿ ಕಾಪಾಡಿದ ಗುಟ್ಟು ಅದೊಂದೇ. ಅದೊಂದನ್ನು ಕಾಪಾಡದಿದ್ದರೇ ಚೆನ್ನಾಗಿತ್ತು.

ಹಬ್ಬದ ಹಿಂದಿನ ದಿನ. ಗಾಲ್ದೆರಿಕ್ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಾನೆ ಎಂದು ಪೊನ್ಸ್ ಸುದ್ದಿ ತಂದಿದ್ದ. ಬೆಳಿಗ್ಗೆ ಬಿಸಿಲಿತ್ತು. ಹನ್ನೊಂದರ ಹೊತ್ತಿಗೆ ಹೊಳೆಯ ಕಡೆಯಿಂದ ಮಂಜು ಎದ್ದಿತು. ಅರ್ಧ ಗಂಟೆಯೊಳಗೆ ಇಗರ್ಜಿಯ ಮುಂದೆ ನಿಂತರೆ ಗೋಪುರದ ತುದಿ ಕಾಣದು. ಕುರಿಮಂದೆ ಅಷ್ಟರಲ್ಲಿ ಕಣಿವೆಯ ನೆತ್ತಿ ದಾಟಿರುತ್ತದೆ. ಅಲ್ಲಿಂದ ಈಚೆಗೆ ಒಂದು ಗುಡಿಸಲಿಲ್ಲ, ಒಂದು ಮರವಿಲ್ಲ, ಹಿಂದಕ್ಕೆ ಹತ್ತಿಸೋಣ ಎಂದರೆ ಇಳಿಯತೊಡಗಿದ ಕುರಿ ಕೇಳುವುದಿಲ್ಲ. ಬಿಬಿಯಾನಾ ಗೋಪುರ ಹತ್ತಿ ಮಂಜಿನ ಗಂಟೆ ಶುರು ಮಾಡಿದಳು. ಒಂಬತ್ತು ಪೆಟ್ಟು, ಪರಲೋಕ ಮಂತ್ರ, ಒಂಬತ್ತು ಪೆಟ್ಟು. ಎದೆಯಲ್ಲಿ ಅಷ್ಟೇನೂ ಭಯವಿರಲಿಲ್ಲ. ಗಾಲ್ದೆರಿಕ್ ಈ ದಾರಿಯನ್ನು ಕಣ್ಣುಮುಚ್ಚಿಕೊಂಡು ಬಂದವನು, ಕಿವಿಯೊಂದಿದ್ದರೆ ಸಾಕು.

ಒಂದು ಗಂಟೆ ಹೊತ್ತು ಬಾರಿಸಿದ ಮೇಲೆ ಪೊನ್ಸ್ ಅವಳಿಗೆ ಬಿಸಿ ಬೆಳ್ಳುಳ್ಳಿ ಸಾರು ಹಿಡಿದುಕೊಂಡು ಏಣಿ ಹತ್ತಿ ಬಂದ. ಗಂಟೆಯನ್ನು ಮೆಚ್ಚುಗೆಯಿಂದ ನೋಡಿದ.

"ಏನ್ ದನಿ ಕಣಮ್ಮಾ ಇದರದ್ದು. ಮೊನ್ನೆ ಕೆಳಗಿನ ಹುಲ್ಲುಗಾವಲಲ್ಲಿ ನಿಂತಿದ್ದಾಗ ಕೇಳಿಸ್ತು. ಕೊರಕಲಾಚೆ ಅರೀಸ್ತ್‌ನೋರ ಗಂಟೆ ಅಂದ್ಕೊಂಡು ಆ ನನ್ಮಕ್ಕಳನ್ನ ಬೈದೂಬಿಟ್ಟೆ. ಥೇಟ್ ಅದೇ."

ಬಿಬಿಯಾನಾಳ ಕೈ ಹಗ್ಗದ ಮೇಲೆ ಹಾಗೇ ನಿಂತಿತು.

"ಪೊನ್ಸಣ್ಣ, ಹೊಸ ಗಂಟೆ ವಿಷಯ ನಮ್ಮನೆಯವರಿಗೆ ಹೇಳಿದ್ಯಾ?"

"ಎಲ್ಲಿ ಹೇಳ್ಲಿ? ನೀನೇ ತಾನೆ ನನ್ನ ಬಾಯಿಗೆ ಬೀಗ ಹಾಕಿದ್ದು."

ಅವಳು ಹಗ್ಗ ಬಿಟ್ಟಳು. ನೆತ್ತಿಯಿಂದ ಇಳಿಯುವವನಿಗೆ ಬೆಸ್ಕೋ ನಟ್ಟನಡುವೆ. ಎಡಕ್ಕೆ ಕೊರಕಲಿನ ಆಚೆ ಅರೀಸ್ತ್ ಊರು. ಬಲಕ್ಕೆ ಕರಿಬಂಡೆ, ನೂರಾಳು ಆಳದ ಪ್ರಪಾತ. ಮಂಜಿನಲ್ಲಿ ನಮ್ಮವರು ಬಾರ್ಬರಾಳ ದಪ್ಪ ದನಿಗೆ ನೇರ ನಡೆಯುತ್ತಿದ್ದರು. ಅರೀಸ್ತ್‌ನ ಚೂಪು ದನಿ ಕೇಳಿದರೆ ಅದನ್ನು ಎಡಗೆನ್ನೆಗೆ ಬಿಟ್ಟುಕೊಂಡು ಬಲಕ್ಕೆ ಸರಿಯುತ್ತಿದ್ದರು. ಈಗ ಗಾಲ್ದೆರಿಕ್ ಕಿವಿಗೊಟ್ಟು ಕಾಯುತ್ತಿರುವುದು ಒಡಕು ದನಿಗೆ. ಕೇಳುತ್ತಿರುವುದು ಚೂಪು ದನಿ. ಅರೀಸ್ತ್‌ನವರ ಕುರಿಯೂ ಇದೇ ವಾರ ಇಳಿಯುತ್ತದೆ, ಅವರು ಬಾರಿಸುತ್ತಿದ್ದಾರೆ ಎಂದುಕೊಳ್ಳುತ್ತಾನೆ. ಎಡಕ್ಕೆ ಬಿಟ್ಟುಕೊಂಡು ಬಲಕ್ಕೆ ಸರಿಯುತ್ತಾನೆ. ಇಡೀ ಒಂದು ಗಂಟೆ ಹೊತ್ತು ಅವಳು ತನ್ನ ಗಂಡನನ್ನು ತನ್ನ ಕೈಯಾರೆ ಕರಿಬಂಡೆಯ ಕಡೆಗೆ ತಳ್ಳುತ್ತಿದ್ದಳು.

ಗಂಟೆ ನಿಂತದ್ದನ್ನು ಕೇಳಿ ಊರು ಇಗರ್ಜಿಯ ಮುಂದೆ ಸೇರಿತು. ಪಾದ್ರಿ ಇಲ್ದೆಫೊನ್ಸ್ ನಡುಗುತ್ತಾ ಬಂದು ಏಕೆ ನಿಲ್ಲಿಸಿದೆ ಎಂದು ಕೇಳಿದರು. ಬಿಬಿಯಾನಾ ಹೇಳಿದಳು. ಪಾದ್ರಿಗಳಿಗೇ ಮೊದಲು ಹೊಳೆದದ್ದು. ಅರೀಸ್ತ್‌ನವರು ತಮ್ಮ ಗಂಟೆಯನ್ನು ಬಾರಿಸಿದರೆ ಮುಗಿಯಿತಲ್ಲ. ಎರಡು ದನಿ ಕೇಳಿದರೆ ಯಾವುದು ಯಾವ ಕಡೆಯದು ಎಂದು ಅವನಿಗೆ ಗೊತ್ತಾಗುತ್ತದೆ. ಕೊರಕಲು ಇಳಿದು ಹತ್ತಿದರೆ ಮುಕ್ಕಾಲು ಗಂಟೆ. ಯಾರಾದರೂ ಹೋಗಿ ಕೇಳಿಕೊಳ್ಳಿ ಅಂದರು.

ಯಾರೂ ಮಿಸುಕಲಿಲ್ಲ. ಎರಡು ವರ್ಷದ ಹಿಂದೆ ಮೇಲಿನ ಹುಲ್ಲಿನ ಗಡಿಕಲ್ಲಿಗಾಗಿ ಜಗಳವಾಗಿತ್ತು. ಅರೀಸ್ತ್‌ನವರು ನಮ್ಮ ಹನ್ನೊಂದು ಹಸುಗಳನ್ನು ಮೂರು ದಿನ ದೊಡ್ಡಿಯಲ್ಲಿ ಕೂಡಿಹಾಕಿದ್ದರು. ನಾವೇನೂ ಕಡಿಮೆಯಿಲ್ಲ, ಅವರ ನೀರಿನ ಕಾಲುವೆ ಒಡೆದಿದ್ದೆವು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ, ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ.

"ಅವರ ಬಾಗಿಲಿಗೆ ಹೋಗಿ ಕೈಮುಗಿಯೋದಾ, ಗುರುಗಳೇ?" ಎಂದ ಪೊನ್ಸ್. "ಹಲ್ಲು ಕಿಸೀತಾರೆ. ನಾವೇ ಮೇಲಕ್ಕೆ ಹೋಗಿ ಕೂಗಿ ಕರ್ಕೊಂಡು ಬರ್ತೀವಿ. ನಮ್ಮೂರಲ್ಲೇನು ಗಂಡಸರಿಲ್ವಾ?"

ಪಾದ್ರಿಗಳು ಬಿಬಿಯಾನಾಳ ಮುಖ ನೋಡಿದರು. ಅವಳು ಹೋಗು ಎಂದರೆ ಪೊನ್ಸ್ ಗೊಣಗುತ್ತಾ ಹೋಗುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಆದರೆ ಅರೀಸ್ತ್‌ನ ಸಂತ ಎಸ್ತೇವನ ಗಂಟೆ ಬಾರಿಸುವವಳು ಕ್ವಿತೇರಿಯಾ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ತಾನಿನ ಬಟ್ಟೆಯ ಲಂಗ ತೊಟ್ಟವರು. ಹೋದ ಚಳಿಗಾಲ ಸಂತೆಯ ದಾರಿಯಲ್ಲಿ ಎದುರಾದಾಗ ಕ್ವಿತೇರಿಯಾ ತಾನಾಗೇ ನಿಂತು ಹೇಗಿದ್ದೀಯ ಎಂದಿದ್ದಳು. ಊರಿನವರು ನೋಡುತ್ತಿದ್ದಾರೆಂದು ಬಿಬಿಯಾನಾ ಮುಖ ತಿರುಗಿಸಿಕೊಂಡು ಮುಂದೆ ನಡೆದಿದ್ದಳು. ಈಗ ಅವಳ ಬಾಗಿಲಿಗೇ ಆಳು ಕಳಿಸಿ ಏನೆಂದು ಕೇಳಿಸುವುದು? ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲು, ಮೇಲಕ್ಕೇ ಹೋಗಿ ನೋಡಿ ಎಂದುಬಿಟ್ಟಳು.

ಎಂಟು ಜನ ಕೊಂಬು, ಪಂಜು ಹಿಡಿದು ಹೋದರು. ಅವಳು ಗೋಪುರದ ಕಿಟಕಿಯಲ್ಲಿ ಕಿವಿ ಇಟ್ಟು ಕೂತಳು. ಕೊಂಬಿನ ಸದ್ದು ಮೊದಲು ಮೇಲಿನಿಂದ ಬಂತು, ಆಮೇಲೆ ಹಿಂದಿನಿಂದ ಬಂದ ಹಾಗಾಯಿತು, ಆಮೇಲೆ ಎಲ್ಲಿಂದ ಎಂದೇ ತಿಳಿಯಲಿಲ್ಲ. ಮಂಜಿನಲ್ಲಿ ಕೊಂಬು ಎಂದರೆ ಅಷ್ಟೇ. ಬಾರಿಸಿದರೆ ಕರಿಬಂಡೆ. ಬಾರಿಸದಿದ್ದರೆ ದಿಕ್ಕಿಲ್ಲದೆ ಅಲೆದು ಅದೇ ಕರಿಬಂಡೆ. ಕೈಗೆ ಹಗ್ಗ ಸಿಕ್ಕರೂ ಎಳೆಯಲಾಗದೆ, ಬಿಡಲಾಗದೆ, ಅವಳು ತನ್ನನ್ನು ತಾನೇ ಬೈದುಕೊಂಡಳು. ಗಂಡನನ್ನು ಬೆಪ್ಪು ಮಾಡಲು ಹೋಗಿದ್ದಳಲ್ಲ, ಎಂಥ ಹುಡುಗಾಟ, ಮೂವತ್ತೈದು ವರ್ಷದ ಹೆಂಗಸಿಗೆ. ಎರಡು ಗಂಟೆ ಹೀಗೇ ಕಳೆಯಿತು. ಹೋದವರು ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತಾ, ತಾವೇ ದಾರಿ ತಪ್ಪುವ ಸ್ಥಿತಿಯಲ್ಲಿ ಬರಿಗೈಲಿ ಇಳಿದು ಬಂದರು.

ಆಗ ಅವಳಿಗೆ ಕೇಳಿಸಿತು. ಟಣ್, ಟಣ್. ಮಂದೆಯ ಮುಂದಾಳು ಟಗರಿನ ಕೊರಳಿನ ತಾಮ್ರದ ಗಂಟೆ. ಸಂತೋಷಪಡುವ ಹಾಗಿರಲಿಲ್ಲ. ಅದು ಬಂದದ್ದು ದಾರಿಯ ಕಡೆಯಿಂದಲ್ಲ, ಕರಿಬಂಡೆಯ ನೆತ್ತಿಯಿಂದ.

ಇನ್ನು ಅರೀಸ್ತ್‌ಗೆ ಆಳು ಕಳಿಸಲು ಮುಕ್ಕಾಲು ಗಂಟೆ ಯಾರ ಹತ್ತಿರ ಇತ್ತು? ಅವರ ಗಂಟೆಯನ್ನು ಈ ಕ್ಷಣವೇ ಬಾರಿಸುವಂತೆ ಮಾಡಲು ಒಂದೇ ದಾರಿ. ಈ ಗೋಪುರಗಳನ್ನು ಕಟ್ಟಿದ ಹಿರಿಯರು ಒಂದರ ಕೂಗು ಇನ್ನೊಂದಕ್ಕೆ ಮುಟ್ಟುವ ಹಾಗೆ ಕಟ್ಟಿದ್ದೇ ಅದಕ್ಕೆ. ಒಂದು ಊರು ಬೆಂಕಿಯ ಗಂಟೆ ಬಾರಿಸಿದರೆ ಇನ್ನೊಂದು ಊರು ಮರುಗಂಟೆ ಬಾರಿಸಿ ಬಕೆಟು ಹಿಡಿದು ಓಡಿ ಬರಬೇಕು. ಎಂಥ ಜಗಳವಿದ್ದರೂ ಬರಬೇಕು. ಅದಕ್ಕೇ ಸುಳ್ಳು ಬೆಂಕಿ ಬಾರಿಸಿದ ಮನೆಗೆ ಬೀಗದ ಕೈ ಮುಟ್ಟುವ ಹಕ್ಕಿಲ್ಲ. ನಮ್ಮ ಕಣಿವೆಯಲ್ಲಿ ಯಾರೂ ಎಂದೂ ಮಾಡದ ಕೆಲಸ ಅದು. ಕುಡಿದವನೂ ಮಾಡಿಲ್ಲ, ಹುಚ್ಚನೂ ಮಾಡಿಲ್ಲ.

ಬಿಬಿಯಾನಾ ಏಣಿಯ ಮೇಲಿನ ಮುಚ್ಚಳಕ್ಕೆ ಅಗಳಿ ಹಾಕಿದಳು. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಬಿಡುವಿಲ್ಲದೆ ಬೆಂಕಿಯ ಗಂಟೆ ಬಾರಿಸಿದಳು.

ಕೆಳಗೆ ಪಾದ್ರಿಗಳು ಮುಚ್ಚಳ ಗುದ್ದಿದರು. ಪೊನ್ಸ್ ಇವಳಿಗೆ ತಲೆ ಕೆಟ್ಟಿತು ಎಂದು ಕೂಗಿದ್ದು ಕೇಳಿಸಿತು. ಅವಳು ಬಾರಿಸಿದಳು. ಅರೀಸ್ತ್ ಸುಮ್ಮನಿತ್ತು. ಕ್ವಿತೇರಿಯಾ ಮನೆಯಲ್ಲಿಲ್ಲವೇನೋ. ಇದ್ದರೂ ಹೊಟ್ಟೆಕಿಚ್ಚಿಗೆ ಸುಮ್ಮನಿದ್ದಾಳೇನೋ, ಬೆಸ್ಕೋ ಸುಟ್ಟುಹೋಗಲಿ ಎಂದು. ಅಂಗೈ ಚರ್ಮ ಸುಲಿದು ಹಗ್ಗಕ್ಕೆ ಅಂಟಿತು. ಆಮೇಲೆ, ಕೊರಕಲಿನ ಆಚೆಯಿಂದ, ಇವಳ ಗಂಟೆಯ ಅಕ್ಕನೋ ತಂಗಿಯೋ ಎನ್ನುವ ಹಾಗೆ ಅದೇ ಚೂಪು ದನಿ ಎದ್ದಿತು. ಒಂದೇ ಸಮನೆ, ಒದ್ದಾಡಿಕೊಂಡು, ಬಂದೆವು ಬಂದೆವು ಎನ್ನುವ ಹಾಗೆ. ಬಿಬಿಯಾನಾ ಅಳುತ್ತಲೇ ಬಾರಿಸಿದಳು. ತಾಮ್ರದ ಗಂಟೆಯ ಸದ್ದು ಮಾತ್ರ ಆಗಲೇ ನಿಂತುಹೋಗಿತ್ತು.

ಅರ್ಧ ಗಂಟೆಯಾದ ಮೇಲೆ ಅರೀಸ್ತ್‌ನ ಗಂಡಸರು ಬಕೆಟು, ಕೊಡಲಿ ಹಿಡಿದು, ಮೈಯೆಲ್ಲ ಕೆಸರಾಗಿ ಇಗರ್ಜಿಯ ಮುಂದೆ ಬಂದು ನಿಂತರು. ಬೆಂಕಿ ಎಲ್ಲಿ ಎಂದರು. ಊರು ನೆಲ ನೋಡಿತು. ಬಿಬಿಯಾನಾ ಇಳಿದು ಬಂದು ರಕ್ತದ ಕೈಯಲ್ಲೇ ಬೀಗದ ಕೈಯನ್ನು ಪಾದ್ರಿಗಳ ಅಂಗೈಗೆ ಇಟ್ಟಳು. ಬೆಂಕಿಯಿಲ್ಲ, ನನ್ನ ಗಂಡ ಬೆಟ್ಟದಲ್ಲಿದ್ದಾನೆ, ನಿಮ್ಮ ಗಂಟೆ ಬೇಕಿತ್ತು ಎಂದಳು. ಬಂದವರಲ್ಲಿ ಕೆಲವರ ಮುಖ ಕೆಂಡವಾಯಿತು. ಒಬ್ಬ ಬಕೆಟನ್ನು ನೆಲಕ್ಕೆ ಕುಕ್ಕಿ, ಹಸುವಿನ ಲೆಕ್ಕವನ್ನು ಹೀಗೆ ತೀರಿಸಿಕೊಂಡಿರಾ ಎಂದು ಕೇಳಿದ. ಇನ್ನೇನು ಕೈಗೆ ಕೈ ಹತ್ತಬೇಕು, ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕುರಿಗಳು ಕೆಮ್ಮಿದವು.

ಮಂಜಿನೊಳಗಿಂದ ಮೊದಲು ನಾಯಿ, ಆಮೇಲೆ ಕುರಿಗಳು, ಆಮೇಲೆ ಗಾಲ್ದೆರಿಕ್. ಮುಖದಲ್ಲಿ ರಕ್ತವೇ ಇರಲಿಲ್ಲ. ಇಗರ್ಜಿಯ ಜಗಲಿಯ ಮೇಲೆ ಕುಸಿದು ಕೂತ. ಮುಂದಾಳು ಟಗರು ಏಳು ಕುರಿಗಳ ಸಮೇತ ಅವನ ಕಣ್ಣೆದುರಿಗೇ ಬಂಡೆಯ ಅಂಚಿನಿಂದ ಕೆಳಗೆ ಹೋಗಿತ್ತಂತೆ. ಅವನಿಗೂ ಅಂಚಿಗೂ ನಡುವೆ ನಾಲ್ಕು ಹೆಜ್ಜೆ. ಆಗ ಬೆಂಕಿಯ ಗಂಟೆ ಕೇಳಿಸಿತು.

"ಅರೀಸ್ತ್‌ನಲ್ಲಿ ಬೆಂಕಿ ಅಂದ್ಕೊಂಡೆ," ಎಂದ. "ಅಷ್ಟರಲ್ಲಿ ಅದಕ್ಕಿಂತ ಎಡಕ್ಕೆ ಇನ್ನೊಂದು ಗಂಟೆ ಉತ್ತರ ಕೊಡ್ತು. ಅರೀಸ್ತ್‌ಗಿಂತ ಎಡಕ್ಕೆ ಯಾವ ಊರಿದೆ, ಕರಡಿ ಬಾರಿಸ್ತಾ? ಅಲ್ಲೇ ಕೂತು ಯೋಚನೆ ಮಾಡ್ದೆ. ಆಗ ಗೊತ್ತಾಯ್ತು, ಬಲಗಡೆದು ನಮ್ದು ಅಂತ."

ಅರೀಸ್ತ್‌ನವರೇ ಮೊದಲು ನಕ್ಕದ್ದು. ಬಕೆಟು ಕುಕ್ಕಿದವನೂ ನಕ್ಕ. ಯಾರೋ ದ್ರಾಕ್ಷಾರಸದ ಹೂಜಿ ತಂದರು, ಎರಡು ವರ್ಷದ ಮೇಲೆ ಎರಡೂ ಊರಿನವರು ಒಂದೇ ಹೂಜಿಯಿಂದ ಕುಡಿದರು. ಪೊನ್ಸ್ ತಾನೇ ಎಲ್ಲರಿಗೂ ಸುರಿದು ಕೊಟ್ಟ. ಬಿಬಿಯಾನಾ ಗಂಡನ ಕಾಲ ಬಳಿ ಕೂತು ಅವನ ಒದ್ದೆ ಮೊಣಕಾಲಿಗೆ ತಲೆಯಿಟ್ಟಿದ್ದಳು. ಬೀಗದ ಕೈ ಹೋಯಿತು, ಹೋಗಲಿ. ಅಂಥ ಸಂತೋಷ ಅವಳಿಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಹೂಜಿ ಎರಡನೆಯ ಸುತ್ತು ಬರುವಾಗ ಅರೀಸ್ತ್‌ನವನೊಬ್ಬ, ಮಾರ್ಸಾಲ್ ಎಲ್ಲಿ ಎಂದ. ಮಾರ್ಸಾಲ್ ಎಂದರೆ ಕ್ವಿತೇರಿಯಾಳ ಗಂಡ. ಎಲ್ಲರಿಗಿಂತ ಮೊದಲು ಹೊರಟವನು ಅವನೇ ಎಂದರು. ಹೆಂಡತಿ ಗೋಪುರಕ್ಕೆ ಓಡಿದಾಗ ಇವನು ಬಕೆಟು ಹಿಡಿದು ಕೊರಕಲಿಗೆ ಓಡಿದ್ದ, ಅವರ ಊರೇ ಸುಟ್ಟುಹೋದರೆ ಜಗಳ ಯಾರ ಹತ್ತಿರ ಆಡೋದು ಅನ್ನುತ್ತಾ. ಇಲ್ಲಿ ಅವನನ್ನು ಯಾರೂ ನೋಡಿರಲಿಲ್ಲ.

ಕೊರಕಲಿನ ಕಾಲುಸೇತುವೆಯ ಕೆಳಗೆ ಸಿಕ್ಕಿದ. ಬಕೆಟಿನ ಹಿಡಿ ಕೈಯಲ್ಲೇ ಇತ್ತು.

ಮೂರನೆಯ ದಿನ ಮಣ್ಣು. ಗಂಟೆ ಬಾರಿಸುವವರು ತಮ್ಮ ಮನೆಯ ಸಾವಿಗೆ ತಾವೇ ಬಾರಿಸುವಂತಿಲ್ಲ, ನಮ್ಮಲ್ಲಿ ಅದು ಪದ್ಧತಿ. ಅರೀಸ್ತ್‌ನಲ್ಲಿ ಹಗ್ಗ ಹಿಡಿಯಬಲ್ಲವರು ಬೇರೆ ಇರಲಿಲ್ಲ. ಗಾಲ್ದೆರಿಕ್ ಬೇಡ ಎಂದ, ಪಾದ್ರಿಗಳು, ಅಲ್ಲಿಯವರು ಕಲ್ಲು ಹೊಡೆದಾರು ಎಂದರು. ಬಿಬಿಯಾನಾ ಅಂಗೈಗೆ ಬಟ್ಟೆ ಸುತ್ತಿಕೊಂಡು ಒಬ್ಬಳೇ ಕೊರಕಲು ಇಳಿದಳು, ಆ ಸೇತುವೆ ದಾಟಿದಳು, ಹತ್ತಿದಳು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಸಂತ ಎಸ್ತೇವನ ಇಗರ್ಜಿಯ ಮುಂದೆ ಜನ ದಾರಿ ಬಿಟ್ಟರು. ಯಾರೂ ಕಲ್ಲು ಹೊಡೆಯಲಿಲ್ಲ. ಕರಿ ಬಟ್ಟೆಯ ಕ್ವಿತೇರಿಯಾ ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳಿಗೆ ಕೊಟ್ಟಳು.

ಬಿಬಿಯಾನಾ ಮೂರು ಮೂರು ಪೆಟ್ಟು ಬಾರಿಸಿದಳು. ಹೆಣ ಗುಂಡಿಗಿಳಿಯುವ ತನಕ ನಿಲ್ಲಿಸಲಿಲ್ಲ. ಕೈಗೆ ಸುತ್ತಿದ ಬಟ್ಟೆ ಕೆಂಪಾಯಿತು. ಇಳಿದು ಬಂದಾಗ ಕ್ವಿತೇರಿಯಾ ಏಣಿಯ ಬುಡದಲ್ಲಿ ಕಾಯುತ್ತಿದ್ದಳು.

"ನಿನ್ನ ಗಂಡ ಬಂದ್ರಂತೆ."

"ಬಂದ್ರು."

"ಒಳ್ಳೇದಾಯ್ತು." ಬೀಗದ ಕೈ ಇಸಿದುಕೊಂಡಳು. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಳು. "ನಿಮ್ಮೂರವರು ಹೇಳಿದ್ರು, ಬೆಂಕಿ ಗಂಟೆ ಬಾರಿಸೋಕೆ ಮೊದಲು ಎರಡು ಗಂಟೆ ಹೊತ್ತು ಇತ್ತಂತೆ ನಿಮಗೆ."

ಬಿಬಿಯಾನಾ ಹೂಂ ಎಂದಳು.

"ಅವತ್ತು ನಂಗೆ ಕೆಲಸಾನೇ ಇರ್ಲಿಲ್ಲ ಕಣೇ. ಹುರುಳಿಕಾಯಿ ಬಿಡಿಸ್ತಾ ಕೂತಿದ್ದೆ, ಅವರು ಪಕ್ಕದಲ್ಲೇ ಕೂತಿದ್ರು. ಒಬ್ಬರನ್ನ ಕಳಿಸಿ ಕೇಳಿದ್ರೆ ಬಾರಿಸ್ತಿರ್ಲಿಲ್ವಾ ನಾನು?"